ಬೂದೆಮ್ಮನ ಹನ್ನೊಂದು ಗುಂಟೆ ಮತ್ತು ಕೆನಡಾದವರ ತಗ್ಗು

ಮಸರಕಲ್ಲಿನ ಬೂದೆಮ್ಮ ನಂಬುತ್ತಿದ್ದ ಜೀವಗಳು ಈ ಲೋಕದಲ್ಲಿ ಒಟ್ಟು ಇಪ್ಪತ್ತಾರು, ಅವೆಲ್ಲವೂ ಕುರಿಗಳು. ಇಪ್ಪತ್ತೇಳನೆಯದಾಗಿ ಒಂದು ಟಗರಿತ್ತು. ಅದರ ಮೇಲೆ ಸ್ವಲ್ಪ ಗುಮಾನಿ ಇತ್ತು. ಗಂಡ ಹನುಮಂತ್ರಾಯನನ್ನು ಈ ಲೆಕ್ಕಕ್ಕೆ ಸೇರಿಸಿರಲಿಲ್ಲ.

ಮಾನ್ವಿ ಸಂತೆಯಲ್ಲಿ ಎಲ್ಲರೂ ತಕ್ಕಡಿಯ ಮುಳ್ಳು ನೋಡಿದರೆ ಆಕೆ ತಕ್ಕಡಿ ಹಿಡಿದವನ ಮೊಣಕೈ ನೋಡುತ್ತಿದ್ದಳು. ದೇವದುರ್ಗದ ಬಸ್ಸು ಹತ್ತಿದರೆ ಡ್ರೈವರನ ಬೆನ್ನಿಗೇ ಕುಳಿತು, ದಾರಿ ಸರಿಯಾಗಿ ಹಿಡಿದಿದ್ದಾನೋ ಇಲ್ಲವೋ ಎಂದು ಪ್ರತಿ ತಿರುವಿನಲ್ಲೂ ವಿಚಾರಿಸುತ್ತಿದ್ದಳು. ಮಗಳನ್ನು ಮಲ್ಲಟಕ್ಕೆ ಕೊಡುವ ಮಾತು ನಡೆದಾಗ ಗಂಡಿನವರು ತೋರಿಸಿದ ಜೋಡೆತ್ತುಗಳನ್ನು ನೋಡಿ ಎಲ್ಲರೂ ತಲೆಯಾಡಿಸಿ ಬಂದರು. ಬೂದೆಮ್ಮ ಮಾತ್ರ ಮೂರು ದಿನ ಬಿಟ್ಟು, ಹೇಳದೆ ಕೇಳದೆ ಮತ್ತೆ ಮಲ್ಲಟಕ್ಕೆ ಹೋಗಿ ಕೊಟ್ಟಿಗೆಯಲ್ಲಿ ಇಣುಕಿದಳು. ಎತ್ತುಗಳಿರಲಿಲ್ಲ; ಪಕ್ಕದ ಮನೆಯವರ ಎತ್ತುಗಳು ಪಕ್ಕದ ಮನೆಗೆ ಹೋಗಿದ್ದವು. ಆ ದಿನ ಆಕೆಗಾದಷ್ಟು ಸಂತೋಷ ಮದುವೆಯ ದಿನವೂ ಆಗಲಿಲ್ಲ. ಆದರೂ ಮಗಳನ್ನು ಅಲ್ಲಿಗೇ ಕೊಟ್ಟಳು. ಹೆಣ್ಣು ನೋಡಲು ಬಂದವರಿಗೆ ತಾನು ತೋರಿಸಿದ ಕುರಿಗಳಲ್ಲಿ ಅರ್ಧ ಮೈದುನನವಾಗಿದ್ದವು.

ಎಪ್ಪತ್ತಾರರಲ್ಲಿ ಗಂಡಸರನ್ನು ಹಿಡಿದು ಆಪರೇಶನ್ ಮಾಡಿಸುವ ಕುಟುಂಬ ಯೋಜನೆಯ ಜೀಪು ಊರೂರು ತಿರುಗತೊಡಗಿದಾಗ ಆಕೆ ಗಂಡನನ್ನು ಜೋಳ ತುಂಬುವ ನೆಲದಡಿಯ ಹಗೇವಿನಲ್ಲಿ ಇಳಿಸಿ, ಬಾಯಿಗೆ ಅರ್ಧ ಚಪ್ಪಡಿ ಎಳೆದು, ಅದರ ಮೇಲೆ ತಾನೇ ಕುಳಿತು ಉಣ್ಣೆ ನೂಲಿದಳು. ಹನುಮಂತ್ರಾಯನಿಗೆ ಆಗಲೇ ಐವತ್ತೆಂಟು. ಅವನನ್ನು ಹಿಡಿದು ಯಾವ ಸರಕಾರಕ್ಕೂ ಲಾಭವಿರಲಿಲ್ಲ. ಆದರೂ ಅವನು ಎರಡು ಹಗಲು ಒಳಗೇ ಕುಳಿತು ಬಂದ. ತುಸು ತಂಪಾಗಿತ್ತು ಎಂದಷ್ಟೇ ಹೇಳಿದ.

ಇಷ್ಟೆಲ್ಲ ಗುಮಾನಿಯ ಬೇರು ಇದ್ದದ್ದು ಹೊಲದಲ್ಲಿ. ಕಾಗದದ ಪ್ರಕಾರ ಹನುಮಂತ್ರಾಯನ ಹೊಲ ಎರಡು ಎಕರೆ ನಾಲ್ಕು ಗುಂಟೆ. ಅದರ ಪಡುವಣ ಬದಿಗೆ ಸರಕಾರದ ಗೈರಾಣ, ಅಂದರೆ ಊರ ದನ ಮೇಯುವ ನೆಲ. ನಡುವೆ ಜಾಲಿಮುಳ್ಳಿನ ಬೇಲಿ. ಪ್ರತಿ ವರ್ಷ ಬೇಲಿ ಹೊಸದಾಗಿ ಕಟ್ಟುವಾಗ ಬೂದೆಮ್ಮ ಗೂಟಗಳನ್ನು ಒಂದು ಮೊಳ ಆಚೆ ನೆಡುತ್ತಿದ್ದಳು. ಕದಿಯುವ ಉದ್ದೇಶವೇನಿರಲಿಲ್ಲ, ಹಳೆಯ ಕುಣಿಗಳು ಸಡಿಲಾಗಿರುತ್ತಿದ್ದವು. ಹೀಗೆ ಇಪ್ಪತ್ತೆರಡು ವರ್ಷ ಕುಣಿಗಳು ಸಡಿಲಾಗಿ ಹನ್ನೊಂದು ಗುಂಟೆ ನೆಲ ಬೇಲಿಯ ಒಳಗೆ ಬಂದು ಕುಳಿತಿತ್ತು. ತಮ್ಮ ಸ್ವಂತ ಎರಡು ಎಕರೆ ಬರೀ ಮೊರಂ, ಕಲ್ಲುಪುಡಿಯ ನೆಲ. ಜೋಳ ಮೊಣಕಾಲಿಗೆ ಬಂದರೆ ಅದೇ ದೊಡ್ಡದು. ಒಳಗೆ ಬಂದ ಹನ್ನೊಂದು ಗುಂಟೆ ಮಾತ್ರ ಕಪ್ಪು ಎರೆ. ಆ ಮನೆಯ ವರ್ಷದ ರೊಟ್ಟಿ ಅಲ್ಲಿಂದಲೇ ಬರುತ್ತಿತ್ತು. ಆದ್ದರಿಂದ ಬೂದೆಮ್ಮ ಹಾವಿಗೆ ಹೆದರದಿದ್ದರೂ ಸರ್ವೆಯವರು ನೆಲ ಅಳೆಯುವ ಸರಪಳಿಗೆ ಹೆದರುತ್ತಿದ್ದಳು.

ಇಂಥ ಕೋಟೆಯ ಬಾಗಿಲಿಗೆ ೧೯೮೪ರ ಜನವರಿಯಲ್ಲಿ ಹದಿಮೂರು ಮಂದಿ ಬಿಳಿಯರು ಬಂದಿಳಿದರು.

ಅವರು ಕೆನಡಾ ದೇಶದ ಯಾವುದೋ ಚರ್ಚಿನ ಯುವಕ ಯುವತಿಯರು. ಮೂರು ವಾರ ಪರದೇಶದಲ್ಲಿ ಸೇವೆ ಮಾಡಿ ಬರುತ್ತೇವೆಂದು ದೇವರ ಮುಂದೆ ಮಾತು ಕೊಟ್ಟು ವಿಮಾನ ಹತ್ತಿದ್ದರು. ಅದರಲ್ಲಿ ನಾಲ್ಕು ದಿನ ಪ್ರಯಾಣಕ್ಕೆ ಹೋಯಿತು. ಇನ್ನು ಎರಡು ದಿನ ರಾಯಚೂರಿನ ಚರ್ಚಿನ ಆವರಣದಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದಾಯಿತು. ಉಳಿದ ದಿನಗಳಲ್ಲಿ ಮಸರಕಲ್ಲಿನ ಪುಟ್ಟ ಪ್ರಾರ್ಥನಾ ಮಂದಿರದ ಪಕ್ಕಕ್ಕೆ ಎರಡು ಕೋಣೆಯ ಶಾಲೆ ಕಟ್ಟುವುದೆಂದು ನಿಶ್ಚಯವಾಗಿತ್ತು. ಮಾತು ತಿರುಗಿಸಿ ಹೇಳಲು ರಾಯಚೂರು ಚರ್ಚಿನ ಸುಂಕಪ್ಪ ಮಾಸ್ತರ ಜೊತೆಗೆ ಬಂದಿದ್ದ. ಇಸ್ತ್ರಿ ಮುರಿಯದ ಶರಟು, ಮೆತ್ತಗಿನ ಮಾತು, ಬಲು ಮರ್ಯಾದೆಯ ಮನುಷ್ಯ. ಆ ಮರ್ಯಾದೆಯೇ ಮುಂದಿನ ಅನಾಹುತಕ್ಕೆಲ್ಲ ಕಾರಣವಾಯಿತು.

ಚರ್ಚಿನ ಜಾಗ ಬೂದೆಮ್ಮನ ಹೊಲದ ಮೂಡಣ ಬದುವಿಗೆ ಹತ್ತಿಕೊಂಡೇ ಇತ್ತು. ಮೊದಲ ದಿನವಿಡೀ ಆಕೆ ಬದುವಿನ ಮೇಲೆ ಕುಳಿತು ನೋಡಿದಳು. ಆರಡಿ ಎತ್ತರದ ಹುಡುಗರು ಒಂದೊಂದೇ ಕಲ್ಲನ್ನು ಇಬ್ಬಿಬ್ಬರು ಹೊತ್ತರು. ಹುಡುಗಿಯರು ಪುಟ್ಟಿ ಮಣ್ಣನ್ನು ತಲೆಯ ಮೇಲಿಡದೆ ಹೊಟ್ಟೆಗೆ ಅವುಚಿಕೊಂಡು ನಡೆದರು. ಬಿಳಿಯರು ಕಟ್ಟಿದ ಗೋಡೆಗೆ ಊರ ಗೌಂಡಿ ಅಯ್ಯಪ್ಪ ತೂಗುಗುಂಡು ಬಿಟ್ಟು ನೋಡಿ ಬೀಡಿ ಹಚ್ಚಿದ. ಕೆಲಸ ಮುಗಿದ ಮೇಲೆ ಅವರೆಲ್ಲ ಗಿಟಾರು ಬಾರಿಸಿ ಹಾಡಿದರು. ಇಷ್ಟು ಕೆಟ್ಟದಾಗಿ ಕೆಲಸ ಮಾಡಿ ಇಷ್ಟು ಖುಷಿಯಾಗಿರುವವರನ್ನು ಬೂದೆಮ್ಮ ಹಿಂದೆಂದೂ ನೋಡಿರಲಿಲ್ಲ.

ಸಂಜೆ ಗಂಡನಿಗೆ ರೊಟ್ಟಿ ಹಾಕುತ್ತ ವಿಷಯ ತೆಗೆದಳು.

“ತಮ್ಮ ರೊಕ್ಕದಾಗ ವಿಮಾನ ಹತ್ತಿ ಬಂದು ನಮ್ಮೂರಾಗ ಪುಕ್ಕಟ ಕಲ್ಲು ಹೊರ್ತಾರಂತ. ನೀ ನಂಬ್ತೀ ಏನು?”

“ಹೊರಾದು ಕಣ್ಣಾರೆ ನೋಡೀನಲ್ಲ,” ಎಂದ ಹನುಮಂತ್ರಾಯ.

“ಅದ ಮತ್ತ. ಕಾಣಂಗ ಕಲ್ಲು ಹೊರಾಕತ್ತಾರಂದ್ರ ಕಾಣದಂಗ ಏನ ಹೊರಾಕತ್ತಾರ?”

ಹನುಮಂತ್ರಾಯ ಪುಂಡಿಪಲ್ಯ ಇನ್ನಷ್ಟು ಹಾಕಿಸಿಕೊಂಡ.

ಮೂರನೆಯ ದಿನ ಉತ್ತರ ಸಿಕ್ಕಿತು. ಬಿಳಿಯರು ಜಾಗದ ಹಿಂಬದಿಗೆ, ಆಕೆಯ ಬದುವಿನಿಂದ ಹತ್ತು ಹೆಜ್ಜೆಯಲ್ಲಿ, ಒಂದು ತಗ್ಗು ತೋಡತೊಡಗಿದರು. ಗೋಡೆ ಕಟ್ಟುವಾಗ ಇಲ್ಲದ ಶ್ರದ್ಧೆ ಆ ತಗ್ಗಿನ ಮೇಲಿತ್ತು. ಆಚೀಚೆ ಹಗ್ಗ ಹಿಡಿದು ಅಳೆದರು, ಮೂಲೆ ಸರಿ ಮಾಡಿದರು, ಬೆವರು ಸುರಿಸಿದರು. ಬೂದೆಮ್ಮನ ಅನುಭವದಲ್ಲಿ ಮನುಷ್ಯರು ತಗ್ಗು ತೋಡುವುದು ಮೂರೇ ಕಾರಣಕ್ಕೆ: ನೀರಿಗೆ, ಜೋಳಕ್ಕೆ, ಹೆಣಕ್ಕೆ. ಬಾವಿಗೆ ಇದು ಕಿರಿದಾಯಿತು. ಜೋಳ ಬಿತ್ತಿದವರು ಇವರಲ್ಲ. ಹದಿಮೂರು ಮಂದಿಯೂ ಗಟ್ಟಿಮುಟ್ಟಾಗಿದ್ದರು. ಹಾಗಾದರೆ ನಾಲ್ಕನೆಯ ಕಾರಣ ಒಂದಿರಬೇಕು. ತೋಡಿ ಹಾಕಿದ ಮಣ್ಣಿನ ಮೇಲೆ ಬಿಸಿಲು ಬಿದ್ದಾಗ ಅದು ಸಣ್ಣಗೆ ಮಿನುಗಿತು.

ಅದು ಕಾಗೆಬಂಗಾರ. ಆ ಸೀಮೆಯ ಮೊರಮ್ಮಿನಲ್ಲಿ ಎಲ್ಲಿ ಕೆದರಿದರೂ ಸಿಗುವ ಹೊಳಪಿನ ಕಲ್ಲಿನ ಪುಡಿ. ಮಕ್ಕಳು ಕೆನ್ನೆಗೆ ಹಚ್ಚಿಕೊಂಡು ಆಡುತ್ತಾರೆ. ಬೂದೆಮ್ಮನೂ ಆಡಿದ್ದಳು. ಆದರೆ ಎರಡು ಬಸ್ಸು ಬದಲಿಸಿದರೆ ಹಟ್ಟಿಯ ಚಿನ್ನದ ಗಣಿ ಸಿಗುವ ಜಿಲ್ಲೆಯಲ್ಲಿ, ಏಳು ಸಮುದ್ರ ದಾಟಿ ಬಂದ ಮಂದಿ ಕಾಗೆಬಂಗಾರಕ್ಕೆ ತಗ್ಗು ತೋಡುತ್ತಾರೆಯೆ? ತವರೂರಿನ ಹತ್ತಿರ ಹಿಂದೊಮ್ಮೆ ಯಾರೋ ಬಂದು ಹೊಲವೊಂದರಲ್ಲಿ ಕೆಂಪು ಬಾವುಟ ನೆಟ್ಟು ಮಣ್ಣು ಒಯ್ದಿದ್ದರು. ಮರುವರ್ಷ ಆ ಹೊಲಕ್ಕೆ ತಂತಿ ಬಿತ್ತು. ಒಡೆಯ ಆಚೆ ನಿಂತು ತನ್ನ ಬೇವಿನ ಮರ ನೋಡುವಂತಾಯಿತು. ಇಲ್ಲಿ ಬಂಗಾರ ಸಿಕ್ಕರೆ ಹನ್ನೊಂದು ಗುಂಟೆಯ ಮಾತು ಹಾಗಿರಲಿ, ಎರಡು ಎಕರೆ ನಾಲ್ಕು ಗುಂಟೆಯೂ ಹೋಯಿತು.

ಬೂದೆಮ್ಮ ಯುದ್ಧ ಸಾರಿದಳು. ಮರುದಿನ ಬೆಳಗ್ಗೆ ಬಿಳಿಯರು ಪ್ರಾರ್ಥನೆಗೆ ಕುಳಿತಿದ್ದಾಗ ಇಪ್ಪತ್ತೇಳು ಕುರಿಗಳ ಸೈನ್ಯವನ್ನು ತಗ್ಗಿನ ಮೇಲೆ ನುಗ್ಗಿಸಿದಳು. ಸೈನ್ಯ ಅಂಚನ್ನು ಕೆಡವಿತು. ಉಳಿದದ್ದನ್ನು ಆಕೆ ಕೈಯಾರೆ ಮುಚ್ಚಿದಳು. ಬಿಳಿಯರು ಬಂದು ನೋಡಿ ನಕ್ಕು ಮತ್ತೆ ತೋಡಿದರು. ಆಕೆ ಮತ್ತೆ ಮುಚ್ಚಿದಳು. ಈ ಸಲ ಕೈಗೆ ಸಿಕ್ಕಿಬಿದ್ದಳು. ಬ್ರೆಂಡಾ ಎಂಬ ಕೆಂಪು ಕೂದಲಿನ ಹುಡುಗಿ, ಮುದುಕಿ ತಮಗೆ ನೆರವಾಗಲು ಬಂದಿದ್ದಾಳೆಂದು ತಿಳಿದು, ಆಕೆಯ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡಳು. ಶತ್ರುವನ್ನು ತಬ್ಬಿಕೊಂಡು ಗೆಲ್ಲುವ ಈ ಯುದ್ಧಕ್ರಮ ಬೂದೆಮ್ಮನಿಗೆ ಗೊತ್ತಿರಲಿಲ್ಲ. ಸೋತು ಸುಂಕಪ್ಪ ಮಾಸ್ತರನ ಹತ್ತಿರ ಹೋಗಿ ನೇರವಾಗಿಯೇ ಕೇಳಿದಳು, ತಗ್ಗು ಯಾತಕ್ಕೆ ಎಂದು.

ಮಾಸ್ತರನ ಮುಖ ಕೆಂಪಾಯಿತು. ಸುತ್ತ ಹೆಣ್ಣುಮಕ್ಕಳು ನಿಂತಿದ್ದರು. ತಾಯಿಯ ವಯಸ್ಸಿನವಳ ಮುಂದೆ ಆ ಮಾತು ಆಡುವುದು ಹೇಗೆ? ಕನ್ನಡದಲ್ಲಿ ಒಂದು ಸಭ್ಯವಾದ ಶಬ್ದ ಹುಡುಕಿದ, ಸಿಗಲಿಲ್ಲ.

“ಅದು ಅವರ ಖಾಸಗಿ ಕೆಲಸ ಯವ್ವಾ,” ಎಂದ. “ಕೇಳಬ್ಯಾಡ. ನೀ ತಿಳಕೊಳ್ಳದಿದ್ರ ಚಲೋ.”

ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ತಗ್ಗು ಆಳುದ್ದ ಆಯಿತು. ಮೇಲೆ ಹಲಗೆ ಬಿತ್ತು, ನಾಲ್ಕು ಬಿದಿರು ಎದ್ದವು, ಸುತ್ತ ಗೋಣಿತಟ್ಟಿನ ಪರದೆ ಬಂತು. ಬೆಳಗಾದರೆ ಬಿಳಿಯರು ಅದರ ಮುಂದೆ ಸಾಲು ನಿಲ್ಲುತ್ತಿದ್ದರು. ಒಳಗೆ ಒಬ್ಬೊಬ್ಬರಿಗೇ ಪ್ರವೇಶ. ಕೈಯಲ್ಲಿ ಬಿಳಿ ಪುಡಿಯ ಡಬ್ಬಿ. ಹೋಗುವಾಗ ಅವಸರ, ಬರುವಾಗ ಸಮಾಧಾನ. ಎಲ್ಲರೂ ಬರಿಗೈಲಿ ಬರುತ್ತಿದ್ದರಾದ್ದರಿಂದ, ಜೇಬಿನಲ್ಲಿ ತುಂಬಿಕೊಂಡಿದ್ದಾರೆಂದು ಬೂದೆಮ್ಮ ತೀರ್ಮಾನಿಸಿದಳು.

ಗುರುವಾರ ಆಕೆ ದೇವದುರ್ಗಕ್ಕೆ ಹೋದಳು. ಅಲ್ಲೊಂದು ಕಚೇರಿ; ಯಾವುದೆಂದು ಹೇಳುವುದು ಬೇಡ, ಅಲ್ಲಿದ್ದವರು ಈಗ ನೆಮ್ಮದಿಯಾಗಿ ಪಿಂಚಣಿ ಉಣ್ಣುತ್ತಿದ್ದಾರೆ. ಅದರ ಮುಂದಿನ ಬೇವಿನ ಕೆಳಗೆ ಗುಲಾಮ್ ದಸ್ತಗೀರ್ ಎಂಬಾತ ಅರ್ಜಿ ಬರೆದುಕೊಡುತ್ತಿದ್ದ. ಪರದೇಶದವರು ಬಂಗಾರ ತೋಡಿ ಒಯ್ಯುತ್ತಿದ್ದಾರೆ, ಅವರನ್ನಷ್ಟೇ ಓಡಿಸಬೇಕು, ಮತ್ತೇನನ್ನೂ ಮುಟ್ಟಬಾರದು ಎಂದು ಬೂದೆಮ್ಮ ಹೇಳಿ ಬರೆಸಿದಳು. ದಸ್ತಗೀರ್ ಎರಡು ಪುಟ ಬರೆದು, ಜಾಗದ ಸರ್ವೆ ನಂಬರು ಕೇಳಿದ. ನಂಬರಿಲ್ಲದ ಅರ್ಜಿಯನ್ನು ಒಳಗೆ ಯಾರೂ ಮೂಸುವುದಿಲ್ಲ ಎಂದ. ಬೂದೆಮ್ಮನಿಗೆ ಜೀವನದಲ್ಲಿ ಬಾಯಿಪಾಠವಿದ್ದದ್ದು ಒಂದೇ ಸರ್ವೆ ನಂಬರು. ಅದನ್ನೇ ಕೊಟ್ಟಳು. ಅದು ಆಕೆಯ ಹೊಲದ್ದು.

ಶನಿವಾರ ಬೆಳಗ್ಗೆ ಸಾಲು ಕರಗಿದ ಮೇಲೆ ಬ್ರೆಂಡಾ ಒಬ್ಬಳೇ ಡಬ್ಬಿ ಹಿಡಿದು ಪರದೆಯ ಒಳಗೆ ಹೋದಳು. ಕಳ್ಳರನ್ನು ಮಾಲಿನ ಸಮೇತ ಹಿಡಿಯಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದೆಂದು ಬೂದೆಮ್ಮ ನೂರು ಎಣಿಸುವಷ್ಟು ಹೊತ್ತು ಕಾದು, ಸೆರಗು ಬಿಗಿದು, ಬದು ಹಾರಿ, ಗೋಣಿತಟ್ಟನ್ನು ಒಂದೇ ಏಟಿಗೆ ಸರಿಸಿದಳು.

ಬ್ರೆಂಡಾ ತೂತಿರುವ ಮರದ ಪೆಟ್ಟಿಗೆಯ ಮೇಲೆ ಕುಳಿತಿದ್ದಳು. ಮೊಣಕಾಲ ಮೇಲೆ ಒಂದು ಪುಸ್ತಕವಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬೂದೆಮ್ಮನಿಗೆ ಒಂದೇ ಉಸಿರಿಗೆ ತಗ್ಗು, ಸಾಲು, ಅವಸರ, ಸಮಾಧಾನ, ಮಾಸ್ತರನ ಕೆಂಪು ಮುಖ ಎಲ್ಲವೂ ಅರ್ಥವಾಯಿತು. ಪರದೆ ಬಿಟ್ಟಳು. ಆ ಹೊತ್ತಿಗೆ ಗೌಂಡಿ ಅಯ್ಯಪ್ಪ ಏನು ಗದ್ದಲವೆಂದು ಇತ್ತ ಬರುತ್ತಿದ್ದ. ಯಾವ ದೇಶದ ಹೆಣ್ಣಾದರೇನು, ಇಂಥ ಹೊತ್ತಿನಲ್ಲಿ ಹೆಣ್ಣಿಗೆ ಹೆಣ್ಣು ಕಾವಲು ನಿಲ್ಲುವುದು ಮಸರಕಲ್ಲಿನ ರೂಢಿ. ಬೂದೆಮ್ಮ ಪರದೆಗೆ ಬೆನ್ನು ಕೊಟ್ಟು ನಿಂತು, ಒಂದು ಮಣ್ಣಹೆಂಟೆ ಎತ್ತಿ ಅಯ್ಯಪ್ಪನ ಕಡೆಗೆ ಬೀಸಿದಳು. ಅವನು ತಿರುಗಿ ನೋಡದೆ ಹೋದ.

ಕಾವಲು ನಿಂತಲ್ಲೇ ಆಕೆಗೆ ಅರ್ಜಿಯ ನೆನಪಾಯಿತು. ಅದರಲ್ಲಿದ್ದದ್ದು ತನ್ನದೇ ಹೊಲದ ನಂಬರು.

ಭಾನುವಾರ ಯಾವ ಸರಕಾರಿ ಕೆಲಸವೂ ನಡೆಯುವುದಿಲ್ಲ. ಆದರೆ ಬಂಗಾರದ ವಿಷಯದಲ್ಲಿ ಸೋಮವಾರದವರೆಗೆ ಕಾದರೆ ಮೇಲಿನ ಸಾಹೇಬರಿಗೆ ತಿಳಿದುಬಿಡುತ್ತದೆ. ಹಾಗಾಗಿ ಗಿರದಾವರ ಮೌನಪ್ಪ ಭಾನುವಾರವೇ ಬಂದ. ಕಂದಾಯ ಇಲಾಖೆಯವನು, ಬಿಳಿ ಶರಟು, ಬಂಗಾರದ ಬಣ್ಣದ ಗಡಿಯಾರ. ಹಿಂದೆ ಸರಪಳಿ ಹೊತ್ತ ಪೀರಾ ಸಾಬ್. ಬಿಳಿಯರೆಲ್ಲ ಮಾಸ್ತರನ ಸಮೇತ ಲಾರಿ ಹತ್ತಿ ರಾಯಚೂರಿಗೆ ಆರಾಧನೆಗೆ ಹೋಗಿದ್ದರು. ರಣರಂಗದಲ್ಲಿ ಉಳಿದವಳು ಬೂದೆಮ್ಮ. ದೂರದಲ್ಲಿ ಕುರಿಗಳ ನಡುವೆ ಹನುಮಂತ್ರಾಯ.

ಸರಪಳಿ ನೆಲಕ್ಕೆ ಬಿದ್ದ ಸದ್ದಿಗೆ ಆಕೆ ಎದ್ದು ಓಡಿಬಂದಳು. ಅರ್ಜಿ ತಪ್ಪಾಯಿತು, ಬಂಗಾರವಿಲ್ಲ, ಹೋಗಿಬಿಡಿ ಎಂದು ಕೈಮುಗಿದಳು.

ಗಿರದಾವರ ಕಣ್ಣು ಕಿರಿದು ಮಾಡಿದ. “ಗುರುವಾರ ಬಂಗಾರ ಅದ ಅಂತ ಎರಡು ಪುಟ ಬರಿಸೀದಿ. ಇವತ್ತ ಇಲ್ಲ ಅಂತೀ. ನಡುವ ಎಲ್ಲಿ ಹೋತವ್ವಾ ಬಂಗಾರ?”

“ಇದ್ದರ ಹೋಗಾಕ ಬೇಕಲ್ರೀ ಸಾಹೇಬ್ರ. ಅದು ಅವರು ಬಯಲಕಡಿ ಕುಂದ್ರಾಕ ತೋಡಿದ ತಗ್ಗು.”

ಗಿರದಾವರ ಸುತ್ತ ನೋಡಿದ. ಆಕಾಶ ಮುಗಿಯುವವರೆಗೂ ಬಯಲಿತ್ತು.

“ಇಷ್ಟು ಜಾಗಾ ಬಿಟ್ಟು ಆಳುದ್ದ ತಗ್ಗ ತೋಡಿ, ಪರದಿ ಕಟ್ಟಿ, ಪಾಳಿ ಹಚ್ಚತಾರಾ? ಅದಕ್ಕ? ಯಾರಿಗಿ ಹೇಳಾಕತ್ತೀದಿ?”

ಮೂರು ದಿನದ ಹಿಂದೆ ಯಾರಾದರೂ ಹೇಳಿದ್ದರೆ ಬೂದೆಮ್ಮನೂ ಇದನ್ನೇ ಕೇಳುತ್ತಿದ್ದಳು. ತನ್ನ ಗುಮಾನಿಯೇ ಬಿಳಿ ಶರಟು ತೊಟ್ಟು ಎದುರು ನಿಂತಿತ್ತು. ಮುದುಕಿಗೆ ಬಂಗಾರ ಸಿಕ್ಕಿದೆ, ಈಗ ಬಚ್ಚಿಡುತ್ತಿದ್ದಾಳೆ ಎಂದು ಅದರ ಕಣ್ಣು ಹೇಳುತ್ತಿತ್ತು.

ಅರ್ಜಿಯಲ್ಲಿ ಕೊಟ್ಟ ನಂಬರಿನ ಹೊಲದ ಗಡಿ, ಹದ್ದು ಮೊದಲು ನೋಡಬೇಕೆಂದು ಗಿರದಾವರ ಅಳೆಯಲು ಹೇಳಿದ. ಪೀರಾ ಸಾಬ್ ಕಲ್ಲಿನಿಂದ ಬೇಲಿಗೆ, ಬೇಲಿಯಿಂದ ಕಲ್ಲಿಗೆ ಸರಪಳಿ ಎಳೆದ. ಬೂದೆಮ್ಮ ಬಾವಿಯಿಂದ ತಂದಿಟ್ಟಿದ್ದ ನೀರಿನ ಕೊಡದ ಪಕ್ಕ ಕುಳಿತು ಒಂದೊಂದು ಕೊಂಡಿಯನ್ನೂ ನೋಡಿದಳು. ಎರಡು ಎಕರೆ ಹದಿನೈದು ಗುಂಟೆ ಬಂತು.

“ಹನ್ನೊಂದು ಗುಂಟೆ ಬೆಳದದಲ್ಲವ್ವಾ ಹೊಲ,” ಎಂದ ಗಿರದಾವರ. “ಮಳಿಗೆ ಬೆಳೀತೇನು?”

ಬರೆದುಕೊಳ್ಳಲು ಪೆನ್ನು ತೆಗೆದವನು ಮತ್ತೆ ಜೇಬಿಗಿಟ್ಟ. ಗುಂಟೆಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಬಂಗಾರದ ಮಾತು ಹಾಗಲ್ಲ. ನೇರವಾಗಿ ಪರದೆಯ ಕಡೆಗೆ ನಡೆದ.

ತಗ್ಗಿನ ಅಂಚು ಬಿಸಿಲಿಗೆ ಮಿನುಗಿತು. ಹಲಗೆ ಸರಿಸಿದರೆ ಒಳಗೆಲ್ಲ ಬೆಳ್ಳಗೆ ಪುಡಿ ಹರಡಿತ್ತು. ಬಿಳಿಯರು ಶಿಸ್ತಿನ ಮಂದಿ. ಒಬ್ಬೊಬ್ಬರೂ ಎದ್ದ ಮೇಲೆ ಮರೆಯದೆ ಸುಣ್ಣ, ಬೂದಿ, ಒಂದೊಂದು ಪುಟ್ಟಿ ಮಣ್ಣು ಸುರಿದು ತಗ್ಗನ್ನು ಮೇಲಿನವರೆಗೆ ತಂದಿದ್ದರು. ವಾಸನೆ ಅಷ್ಟಾಗಿ ಇರಲಿಲ್ಲ. ಇದ್ದದ್ದೂ ಗಿರದಾವರನಿಗೆ ಬಂಗಾರ ಶುದ್ಧಿ ಮಾಡುವ ಔಷಧದ ಹಾಗೆ ಕಂಡಿತು. ಕೋಲಿನಿಂದ ನೋಡಿರೆಂದು ಪೀರಾ ಸಾಬ್ ಮೆಲ್ಲಗೆ ಹೇಳಿದ. ಕೋಲಿಗೆ ಬಂಗಾರದ ಗುರುತು ಹತ್ತುವುದಿಲ್ಲ ಎಂದು ಗಿರದಾವರ ಗಡಿಯಾರ ಬಿಚ್ಚಿ ಅವನ ಕೈಗೆ ಕೊಟ್ಟ. ತೋಳು ಮಡಚಿ, ಹೊಟ್ಟೆಯ ಮೇಲೆ ಮಲಗಿದ.

“ಬ್ಯಾಡ್ರೀ ಸಾಹೇಬ್ರ,” ಎಂದಳು ಬೂದೆಮ್ಮ. ಮನಸ್ಸಿನಿಂದಲೇ ಹೇಳಿದಳು. ಅದರಿಂದ ಅವನ ನಂಬಿಕೆ ಇನ್ನೂ ಗಟ್ಟಿಯಾಯಿತು.

ಒಂದು ವಾರದಿಂದ ಹದಿಮೂರು ಮಂದಿ ಪಾಳಿಯ ಮೇಲೆ ದುಡಿದು ತುಂಬಿಸಿದ್ದ ತಗ್ಗದು. ಗಿರದಾವರನ ಬಲಗೈ ಸುಣ್ಣದ ಪದರವನ್ನು ಭೇದಿಸಿ ಮೊಣಕೈಯವರೆಗೆ ಇಳಿಯಿತು. ಬೆರಳುಗಳು ಅಲ್ಲಿ ಏನನ್ನೋ ಹಿಡಿದವು. ಒಂದು ಕ್ಷಣ ಅವನು ಯೋಚಿಸಿದ. ಪೀರಾ ಸಾಬ್‌ಗೆ ಮೊದಲೇ ತಿಳಿಯಿತು. ಅವನು ಗಡಿಯಾರವನ್ನು ಭದ್ರವಾಗಿ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದ.

ಗಿರದಾವರ ಎದ್ದು ನಿಂತಾಗ ಬಲಗೈ ಮೈಯಿಂದ ಆದಷ್ಟು ದೂರವಿತ್ತು. ಆ ಕೈಯನ್ನು ತನ್ನದೆಂದು ಒಪ್ಪಿಕೊಳ್ಳಲು ಅವನು ಸಿದ್ಧನಿರಲಿಲ್ಲ. ಊರ ಬಾವಿ ಅರ್ಧ ಮೈಲಿ ದೂರ. ಬಿಳಿಯರ ಕುದಿಸಿದ ನೀರಿನ ಪೀಪಾಯಿಗೆ ಬೀಗ. ಹತ್ತಿರದಲ್ಲಿದ್ದ ನೀರು ಒಂದೇ, ಬೂದೆಮ್ಮನ ಕೊಡದ್ದು.

“ನೀರ ಹಾಕವ್ವಾ,” ಎಂದ.

ಬೂದೆಮ್ಮ ಕೊಡ ಎತ್ತಿ ಸೊಂಟದ ಮೇಲಿಟ್ಟುಕೊಂಡಳು. ಬಗ್ಗಿಸಲಿಲ್ಲ. “ಹಾಕತೀನ್ರಿ. ಸರಪಳಿ ಬಿಸಲಾಗ ಬಿದ್ದದ. ಮೊದಲ ಅದನ್ನ ಸುತ್ತಸ್ರಿ.”

“ನಾ ಸರಕಾರಿ ಮನಷ್ಯಾ ಇದೀನಿ.”

“ಹೌದ್ರೀ. ಅದಕ ಮಂದಿ ನೋಡದ್ರೊಳಗ ತೊಳಕೊಳ್ರಿ. ಹುಲಗೆಮ್ಮ, ದುರುಗಮ್ಮ ನೀರಿಗಿ ಹೋಗಾಕ ಈಗ ಇದ ದಾರೀಲೇ ಬರ್ತಾರ. ಹುಲಗೆಮ್ಮ ಬಾಯಿ ಭಾಳ ಸಡ್ಲ ಅದ.”

ದಾರಿಯಲ್ಲಿ ನಿಜವಾಗಿಯೂ ಎರಡು ಕೊಡಗಳು ಕಾಣಿಸಿಕೊಂಡವು. ಗಿರದಾವರ ಪೀರಾ ಸಾಬ್‌ನ ಕಡೆ ನೋಡಿದ. ಪೀರಾ ಸಾಬ್ ಆಗಲೇ ಸರಪಳಿಯ ಅರ್ಧ ಸುತ್ತಿಯಾಗಿತ್ತು.

“ಮತ್ತ ಹನ್ನೊಂದು ಗುಂಟಿ?” ಎಂದಳು ಬೂದೆಮ್ಮ.

“ಯಾವ ಹನ್ನೊಂದು ಗುಂಟಿ?” ಎಂದ ಗಿರದಾವರ, ಹಲ್ಲು ಕಚ್ಚಿ.

ಆಗ ಬೂದೆಮ್ಮ ಕೊಡ ಬಗ್ಗಿಸಿದಳು. ಕೊಡಕ್ಕೆ ಅವನ ಕೈ ತಾಕದಂತೆ ಎತ್ತರದಿಂದ, ಧಾರಾಳವಾಗಿ. ಉಜ್ಜಲು ಮಣ್ಣನ್ನೂ ಕೊಟ್ಟಳು, ಅದು ಮಿನುಗುತ್ತಿತ್ತು.

ಪಂಚನಾಮೆಯನ್ನು ಪೀರಾ ಸಾಬ್ ಬರೆದ. ಸಾಹೇಬರ ಕೈ ತೊಳೆದ ಮೇಲೂ ಕಾಗದದ ಹತ್ತಿರ ತರುವಂತಿರಲಿಲ್ಲ. ಅರ್ಜಿಯಲ್ಲಿ ಹೇಳಿದ ಬಂಗಾರ ಸ್ಥಳದಲ್ಲಿ ಸಿಗಲಿಲ್ಲ, ಜಮೀನು ಎರಡು ಎಕರೆ ನಾಲ್ಕು ಗುಂಟೆ ಹದ್ದಿನೊಳಗೇ ಇದೆ ಎಂದು ಬರೆಸಲಾಯಿತು. ಸಿಕ್ಕದ್ದನ್ನೂ ಬರೆಯಲೇ ಎಂದು ಪೀರಾ ಸಾಬ್ ಕೇಳಿದ. ಗಿರದಾವರ ನೋಡಿದ ನೋಟಕ್ಕೆ ಅವನು ಅಲ್ಲಿಗೇ ಗೆರೆ ಎಳೆದ.

ಹೆಬ್ಬೆಟ್ಟು ಒತ್ತು ಎಂದರೆ ಬೂದೆಮ್ಮ ಒತ್ತಲಿಲ್ಲ. ಅವರಿಬ್ಬರು ಓದಿ ಹೇಳಿದ್ದನ್ನು ಆಕೆ ಹೇಗೆ ನಂಬುವುದು? ಓದು ಬಲ್ಲವನು ಸುಂಕಪ್ಪ ಮಾಸ್ತರ, ಅವನು ಬರುವವರೆಗೆ ಕೂತಿರಿ ಎಂದಳು. ಹೆಬ್ಬೆಟ್ಟಿಲ್ಲದ ಕಾಗದ ಒಯ್ದರೆ ಮೇಲಿನವರು ನಾಳೆ ಇನ್ನೊಬ್ಬರನ್ನು ಕಳಿಸುತ್ತಾರೆ. ಅವರು ಹುಲಗೆಮ್ಮನನ್ನು ವಿಚಾರಿಸುತ್ತಾರೆ. ಗಿರದಾವರ ಒದ್ದೆ ತೋಳಿನಲ್ಲಿ ಬದುವಿನ ಮೇಲೆ ಕುಳಿತ. ಹನುಮಂತ್ರಾಯ ಬಂದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು, ಇನ್ನೊಂದು ಬದಿಗೆ ಕುಳಿತು ಎಲೆ ಅಡಿಕೆ ಹಾಕಿದ. ಹೀಗೆ ನಾಲ್ಕು ಗಂಟೆಯಾಯಿತು.

ಲಾರಿ ಹಾಡುತ್ತ ಬಂತು. ಹದಿಮೂರು ಮಂದಿ ಇಳಿದರು. ಸರಕಾರದವರು ತಮ್ಮ ಶಾಲೆ ನೋಡಲು ಬಂದಿದ್ದಾರೆಂದು ತಿಳಿದ ಬ್ರೆಂಡಾ ಖುಷಿಯಿಂದ ಓಡಿಬಂದು ಗಿರದಾವರನಿಗೆ ಬಲಗೈ ಚಾಚಿದಳು. ಅವನು ತನ್ನ ಬಲಗೈಯನ್ನು ಬೆನ್ನ ಹಿಂದೆ ಒಯ್ದು, ದೂರದಿಂದಲೇ ತಲೆ ಬಾಗಿಸಿದ. ಈ ಸೀಮೆಯ ಅಧಿಕಾರಿಗಳು ಎಷ್ಟು ಸಂಕೋಚದವರು ಎಂದು ಆಕೆಗೆ ಮೆಚ್ಚುಗೆಯಾದಂತೆ ಕಂಡಿತು.

ಸುಂಕಪ್ಪ ಮಾಸ್ತರ ಪಂಚನಾಮೆ ಓದಿದ. ಬೂದೆಮ್ಮ ಹೆಬ್ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಕಾಗದದ ಮೇಲೆ ಎತ್ತಿ ಹಿಡಿದು ನಿಂತಳು.

“ಎಷ್ಟ ಗುಂಟಿ ಅಂತ ಬರದಾರ?” ಎಂದು ಕೇಳಿದಳು.

“ನಾಲ್ಕು ಯವ್ವಾ. ಎರಡು ಎಕರೆ ನಾಲ್ಕು ಗುಂಟಿ.”

“ಇನ್ನೊಮ್ಮೆ ಓದು.”

ಮಾಸ್ತರ ಇನ್ನೊಮ್ಮೆ ಓದಿದ. ಬೂದೆಮ್ಮ ಹೆಬ್ಬೆಟ್ಟು ಒತ್ತಿದಳು.